ತಂಬೋಲಾ ಆಟವೂ ಕನ್ನಡದ ಅಂಕಿಗಳೂ

ಚೆನ್ನೈಯ ಕನ್ನಡ ಕುಟುಂಬಗಳು ಯುಗಾದಿಗೋ ರಾಜ್ಯೋತ್ಸವಕ್ಕೋ ಒಂದೆಡೆ ಸೇರಿದಾಗ ಹಿರಿಯರೂ ಕಿರಿಯರೂ ಕೂಡಿ ಆಡಬಹುದಾದ ಆಟಗಳಲ್ಲಿ ತಂಬೋಲಾ ಒಂದು. ಇದನ್ನೇ ಹೌಸಿ ಎಂದೂ ಬಿಂಗೋ ಎಂದೂ ಕರೆಯುವುದುಂಟು. ಇದಕ್ಕೆ ಮೈಬಲ ಬೇಡ, ಹೆಚ್ಚಿನ ಓದು ಬೇಡ. ಕೂಗಿದ ಅಂಕಿಯನ್ನು ಕೇಳಿ ಗುರುತಿಸುವ ಕಿವಿಯೊಂದಿದ್ದರೆ ಸಾಕು. ಆದರೆ ಆ ಕಿವಿಯೇ ನಮ್ಮ ಮಕ್ಕಳಲ್ಲಿ ಮಂದವಾಗುತ್ತಿದೆ. ಮನೆಯಲ್ಲಿ ಸೊಗಸಾಗಿ ಕನ್ನಡ ಆಡುವ ಮಗುವೂ 'ಎಪ್ಪತ್ತೊಂಬತ್ತು' ಎಂದರೆ ತಡವರಿಸಿ, 'ಅಂದರೆ ಸೆವೆಂಟಿ ನೈನಾ?' ಎಂದು ಕೇಳುತ್ತದೆ. ಆದುದರಿಂದ ಈ ಆಟದ ಕ್ರಮವನ್ನೂ, ಬೇರೆ ಬೇರೆ ದೇಶಗಳಲ್ಲಿ ಅದು ತಳೆದ ರೂಪಗಳನ್ನೂ, ನಮ್ಮ ಕೂಟಗಳಲ್ಲಿ ಅದನ್ನು ನಡೆಸಬಹುದಾದ ಬಗೆಯನ್ನೂ ಇಲ್ಲಿ ವಿವರಿಸುತ್ತೇವೆ.

ಚೀಟಿಯ ರಚನೆ

ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಚೀಟಿಯಲ್ಲಿ ೩ ಅಡ್ಡಸಾಲುಗಳೂ ೯ ಉದ್ದಸಾಲುಗಳೂ ಇರುತ್ತವೆ. ಹೀಗೆ ೨೭ ಮನೆಗಳಾದವು. ಒಂದೊಂದು ಅಡ್ಡಸಾಲಿನಲ್ಲಿ ೫ ಅಂಕಿಗಳಂತೆ ಒಟ್ಟು ೧೫ ಮನೆಗಳಲ್ಲಿ ಅಂಕಿಗಳಿರುತ್ತವೆ. ಉಳಿದ ೧೨ ಮನೆಗಳು ಖಾಲಿ. ಮೊದಲನೆಯ ಉದ್ದಸಾಲಿನಲ್ಲಿ ೧ರಿಂದ ೯ರವರೆಗಿನ ಅಂಕಿಗಳು, ಎರಡನೆಯದರಲ್ಲಿ ೧೦ರಿಂದ ೧೯ರವರೆಗಿನವು, ಹೀಗೆಯೇ ಮುಂದುವರಿದು ಕೊನೆಯದರಲ್ಲಿ ೮೦ರಿಂದ ೯೦ರವರೆಗಿನವು ಬರುತ್ತವೆ. ಈ ಏರ್ಪಾಡಿನಿಂದ ಆಡುವವನಿಗೆ ಹುಡುಕಾಟ ತಪ್ಪುತ್ತದೆ. ೪೬ ಎಂದು ಕೂಗಿದೊಡನೆ ಕಣ್ಣು ಐದನೆಯ ಉದ್ದಸಾಲಿಗೆ ಹೋದರೆ ಸಾಕು. ಆರು ಚೀಟಿಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕುವಾಗ ೧ರಿಂದ ೯೦ರವರೆಗಿನ ಎಲ್ಲ ಅಂಕಿಗಳೂ ಆ ಹಾಳೆಯಲ್ಲಿ ಒಂದೊಂದೇ ಸಲ ಬರುವಂತೆ ಜೋಡಿಸುವುದೂ ಉಂಟು.

ಆಟದ ಕ್ರಮ

ಒಂದು ಬಟ್ಟೆಯ ಚೀಲದಲ್ಲಿ ೯೦ ಬಿಲ್ಲೆಗಳನ್ನು ಹಾಕಿ ಚೆನ್ನಾಗಿ ಕಲಕಿ, ಅಂಕಿ ಕೂಗುವವರು ಒಂದೊಂದನ್ನೇ ತೆಗೆದು ಕೂಗುತ್ತಾರೆ. ಆ ಅಂಕಿ ತಮ್ಮ ಚೀಟಿಯಲ್ಲಿದ್ದವರು ಅದನ್ನು ಹೊಡೆದುಹಾಕುತ್ತಾರೆ. ಚೀಟಿ ಮತ್ತೆ ಉಪಯೋಗವಾಗಬೇಕೆಂದರೆ ಹುಣಸೆಬೀಜ ಇಟ್ಟರೂ ನಡೆಯುತ್ತದೆ.

ಬಹುಮಾನಗಳು ಸಾಮಾನ್ಯವಾಗಿ ಹೀಗೆ: ಚೀಟಿಯ ಯಾವುದೇ ೫ ಅಂಕಿಗಳನ್ನು ಮೊದಲು ಹೊಡೆದವರಿಗೆ 'ಜಲ್ದಿ ಫೈವ್', ಮೇಲಿನ ಸಾಲು, ನಡುವಿನ ಸಾಲು, ಕೆಳಗಿನ ಸಾಲುಗಳಿಗೆ ಒಂದೊಂದು, ನಾಲ್ಕು ಮೂಲೆಗಳಿಗೆ ಒಂದು, ಹದಿನೈದೂ ಮುಗಿದರೆ 'ಫುಲ್ ಹೌಸ್'. ಮುಂದಿನ ಅಂಕಿ ಕೂಗುವುದಕ್ಕೆ ಮೊದಲೇ ಗೆದ್ದವರು ಎದ್ದು ಹೇಳಬೇಕು. ಹೇಳಿದ್ದು ತಪ್ಪಾಗಿದ್ದರೆ ಅದು 'ಬೋಗಿ'. ಆ ಚೀಟಿ ಆಟದಿಂದ ಹೊರಗೆ. ಇಬ್ಬರು ಒಂದೇ ಅಂಕಿಗೆ ಗೆದ್ದರೆ ಬಹುಮಾನವನ್ನು ಹಂಚುವುದು ವಾಡಿಕೆ. ಈ ನಿಯಮಗಳನ್ನು ಆಟಕ್ಕೆ ಮೊದಲೇ ಓದಿ ಹೇಳಿದರೆ ಆಮೇಲೆ ಜಗಳಕ್ಕೆ ಎಡೆಯಿರುವುದಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕವನ್ನೂ ನೋಡೋಣ. ಒಬ್ಬರೇ ಒಂದು ಚೀಟಿ ಹಿಡಿದು ಕುಳಿತರೆ ಯಾವುದಾದರೂ ೫ ಅಂಕಿ ಮುಗಿಯಲು ಸರಾಸರಿ ೨೮ ಬಿಲ್ಲೆ ತೆಗೆಯಬೇಕಾಗುತ್ತದೆ. ಗೊತ್ತಾದ ಒಂದು ಸಾಲು ಮುಗಿಯಲು ಸುಮಾರು ೭೬. ಇಡೀ ಚೀಟಿಗೆ ಸುಮಾರು ೮೫. ಆಡುವವರು ಹೆಚ್ಚಿದಷ್ಟೂ ಯಾರಾದರೊಬ್ಬರು ಬೇಗ ಗೆಲ್ಲುತ್ತಾರೆ. ಆದರೆ 'ಒಳ್ಳೆಯ ಚೀಟಿ', 'ಕೆಟ್ಟ ಚೀಟಿ' ಎಂಬುದಿಲ್ಲ. ಎಲ್ಲ ಚೀಟಿಗಳಿಗೂ ಸಂಭವ ಒಂದೇ.

ದೇಶದೇಶಗಳಲ್ಲಿ

ತಂಬೋಲಾ ಎಂಬ ಹೆಸರು ಇಟಲಿಯ 'ತೊಂಬೊಲಾ'ದಿಂದ ಬಂದದ್ದು. ನೇಪಲ್ಸ್ ಪಟ್ಟಣದಲ್ಲಿ ಕ್ರಿಸ್ಮಸ್ ಸಮಯಕ್ಕೆ ಮನೆಮನೆಯಲ್ಲೂ ಅದನ್ನು ಆಡುತ್ತಾರೆ. ಅಲ್ಲಿ ಒಂದು ಸಾಲಿನಲ್ಲಿ ೨ ಅಂಕಿ ಬಂದರೂ ಬಹುಮಾನವುಂಟು. ಆಮೇಲೆ ೩, ೪, ೫ ಎಂದು ಏರಿ, ಕೊನೆಗೆ ಪೂರ್ಣ ಚೀಟಿಗೆ ತೊಂಬೊಲಾ. ಅಲ್ಲಿಯವರು ಪ್ರತಿಯೊಂದು ಅಂಕಿಗೂ ಒಂದು ಅರ್ಥ ಕಟ್ಟಿದ್ದಾರೆ. ೨೨ ಎಂದರೆ ಹುಚ್ಚ, ೩೩ ಎಂದರೆ ಕ್ರಿಸ್ತನ ವಯಸ್ಸು, ೯೦ ಎಂದರೆ ಭಯ.

ಇಂಗ್ಲೆಂಡಿನಲ್ಲಿ ಈ ಆಟವನ್ನು ದಂಡಿನ ಸಿಪಾಯಿಗಳು 'ಹೌಸ್' ಎಂದು ಆಡುತ್ತಿದ್ದರು. ೧೯೬೦ರ ಕಾಯಿದೆಯ ತರುವಾಯ ಅದು ದೊಡ್ಡ ವ್ಯಾಪಾರವಾಯಿತು. ಎಷ್ಟೋ ಸಿನಿಮಾ ಮಂದಿರಗಳು ಬಿಂಗೋ ಮಂದಿರಗಳಾದವು. ೮೮ಕ್ಕೆ 'ಇಬ್ಬರು ದಪ್ಪ ಹೆಂಗಸರು', ೨೨ಕ್ಕೆ 'ಎರಡು ಬಾತುಮರಿ' ಎಂದು ಅಂಕಿಯ ಆಕಾರ ನೋಡಿ ಕೂಗುವುದು ಅಲ್ಲಿಯ ಸಂಪ್ರದಾಯ. ಈ ದಂಡಿನವರ ಮೂಲಕವೇ ಆಟ ನಮ್ಮ ಕ್ಲಬ್ಬುಗಳಿಗೂ, ಪೆರಂಬೂರಿನಂಥ ರೈಲ್ವೆ ಬಡಾವಣೆಗಳ ಆಂಗ್ಲೋ-ಇಂಡಿಯನ್ ಕುಟುಂಬಗಳಿಗೂ ಹಬ್ಬಿ, ಬಳಿಕ ಎಲ್ಲರ ಆಟವಾಯಿತು.

ಅಮೆರಿಕದ ಚೀಟಿಯೇ ಬೇರೆ. ಅದರಲ್ಲಿ ೫ ಅಡ್ಡಸಾಲು, ೫ ಉದ್ದಸಾಲು. ನಡುವಿನ ಮನೆ ಎಲ್ಲರಿಗೂ ಬಿಟ್ಟಿ. ಅಂಕಿಗಳು ೭೫ ಮಾತ್ರ. ಒಂದೊಂದು ಉದ್ದಸಾಲಿಗೆ ೧೫ ಅಂಕಿಗಳ ಗುಂಪು. ಅಡ್ಡ, ಉದ್ದ, ಓರೆ, ಯಾವ ಕಡೆಯಿಂದ ಐದು ಮನೆ ಕೂಡಿದರೂ ಗೆಲುವು. ಮೊದಲು ಕಾಳುಗಳನ್ನಿಟ್ಟು ಆಡುತ್ತಿದ್ದುದರಿಂದ 'ಬೀನೋ' ಎಂಬ ಹೆಸರಿತ್ತು. ೧೯೨೯ರ ಸುಮಾರಿಗೆ ಎಡ್ವಿನ್ ಲೋ ಎಂಬ ಆಟಿಕೆ ವ್ಯಾಪಾರಿ ಅದನ್ನು ಕಂಡು 'ಬಿಂಗೋ' ಎಂಬ ಹೆಸರಿನಲ್ಲಿ ಹರಡಿದನು. ಗೆದ್ದ ಸಂಭ್ರಮದಲ್ಲಿ ಯಾರೋ ನಾಲಗೆ ತೊದಲಿ ಹಾಗೆ ಕೂಗಿದರೆಂಬ ಕಥೆಯುಂಟು.

ಮೆಕ್ಸಿಕೋದ 'ಲೊತೆರಿಯಾ'ದಲ್ಲಿ ಅಂಕಿಗಳ ಬದಲು ೫೪ ಚಿತ್ರಗಳು. ಕೂಗುವವನು ಚಿತ್ರದ ಹೆಸರನ್ನು ನೇರವಾಗಿ ಹೇಳದೆ ಒಗಟಿನಂತೆ ಹೇಳುವುದೂ ಉಂಟು. ೧೯ನೆಯ ಶತಮಾನದ ಜರ್ಮನಿಯಲ್ಲಿ ಇಂತಹುದೇ ಆಟವನ್ನು ಮಕ್ಕಳಿಗೆ ಲೆಕ್ಕವನ್ನೂ ಅಕ್ಷರಗಳನ್ನೂ ಕಲಿಸಲು ಬಳಸಿದ್ದರು.

ಕನ್ನಡದಲ್ಲಿ ಕೂಗುವುದು

ಮೇಲಿನ ಎಲ್ಲ ದೇಶಗಳಲ್ಲಿ ಒಂದು ಸಂಗತಿ ಸಮಾನವಾಗಿದೆ. ಚೀಟಿಯನ್ನು ಯಾರಿಂದ ತಂದರೂ, ಕೂಗುವುದು ಮಾತ್ರ ತಮ್ಮ ತಮ್ಮ ನುಡಿಯಲ್ಲಿ. ನಾವೂ ಹಾಗೇಕೆ ಮಾಡಬಾರದು?

ನಮ್ಮ ಅಂಕಿಗಳಲ್ಲಿ ಒಂದು ತೊಡಕಿದೆ. ಒಂಬತ್ತು, ಎಂಬತ್ತು, ತೊಂಬತ್ತು ಎಂಬಿವು ಗದ್ದಲದಲ್ಲಿ ಒಂದೇ ತೆರನಾಗಿ ಕೇಳಿಸುತ್ತವೆ. ಚೆನ್ನೈಯ ಮಕ್ಕಳಿಗಂತೂ ಇನ್ನೂ ಕಷ್ಟ. ಬೀದಿಯ ತಮಿಳಿನಲ್ಲಿ ೯೦ಕ್ಕೆ 'ತೊಣ್ಣೂರು' ಎಂದು ಕೇಳಿದ ಮಗುವಿಗೆ 'ತೊಂಬತ್ತು' ಹೊಸದಾಗಿ ತೋರುತ್ತದೆ. ಆದ್ದರಿಂದ ಕೂಗುವವರು 'ಎಂಟು, ಸೊನ್ನೆ, ಎಂಬತ್ತು' ಎಂದು ಬಿಡಿಬಿಡಿಯಾಗಿ ಹೇಳಿ ಕೂಡಿಸಬೇಕು. ಜೊತೆಗೆ ೮೦ ಎಂಬ ಬಿಲ್ಲೆಯನ್ನೂ ಎತ್ತಿ ತೋರಿಸಬೇಕು.

ಅಡ್ಡಹೆಸರುಗಳಿಗೇನೂ ನಮ್ಮಲ್ಲಿ ಬರವಿಲ್ಲ. ೫ ಪಾಂಡವರು, ೭ ಸ್ವರಗಳು, ೯ ಗ್ರಹಗಳು, ೧೦ ಅವತಾರಗಳು, ೧೮ ಪುರಾಣಗಳು, ೨೪ ತೀರ್ಥಂಕರರು, ೨೭ ನಕ್ಷತ್ರಗಳು, ೩೨ ಹಲ್ಲುಗಳು, ೬೦ ಸಂವತ್ಸರಗಳು, ೬೪ ಕಲೆಗಳು. ೪೯ ಬಂದರೆ ಕನ್ನಡ ವರ್ಣಮಾಲೆ. ೬೩ ಬಂದರೆ ಅರವತ್ತುಮೂರು ಪುರಾತನರು. ಮೈಲಾಪುರದ ಕಪಾಲೀಶ್ವರ ದೇವಾಲಯದ ಉತ್ಸವದಲ್ಲಿ ಮೆರವಣಿಗೆ ಹೊರಡುವವರೂ ಅವರೇ. ೭೨ ಬಂದರೆ ಮೇಳಕರ್ತ ರಾಗಗಳು. ಮಾರ್ಗಶಿರದ ಸಂಗೀತೋತ್ಸವ ಕಂಡ ಈ ಊರಿನಲ್ಲಿ ಅದನ್ನು ಯಾರೂ ಮರೆಯಲಾರರು. ಆದರೆ ಬರಿಯ ಹೆಸರನ್ನೇ ಹೇಳಿ ಅಂಕಿಯನ್ನು ಬಿಡಬಾರದು. ಅರಿಯದವರು ಅದರಿಂದ ಸೋಲಬಾರದಷ್ಟೆ.

ಆಟವೂ ಜೂಜೂ

ಕೊನೆಯದಾಗಿ ಒಂದು ಮಾತು. ರಮ್ಮಿಯಾಟದಲ್ಲಿ ಜಾಣ್ಮೆ ಮುಖ್ಯವೆಂದು ಸುಪ್ರೀಂ ಕೋರ್ಟು ೧೯೬೭ರಲ್ಲಿ ಹೇಳಿತು. ತಂಬೋಲಾಕ್ಕೆ ಆ ಸಮರ್ಥನೆ ಇಲ್ಲ. ಇದು ಪೂರ್ತಿಯಾಗಿ ಅದೃಷ್ಟದ್ದು. ಆದ್ದರಿಂದಲೇ ಹಣ ಕಟ್ಟಿ ಆಡಿದೊಡನೆ ಅದು ಜೂಜಾಗುತ್ತದೆ. ಸಂಬಳದ ದಿನವೇ ಲಾಟರಿ ಚೀಟಿಗಳಿಗೆ ಹಣ ಸುರಿದು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದ ಕಾರ್ಮಿಕರನ್ನು ನಾವೆಲ್ಲ ಬಲ್ಲೆವು. ತಮಿಳುನಾಡಿನಲ್ಲಿ ೨೦೦೩ರಲ್ಲಿ ಲಾಟರಿ ಮಾರಾಟವನ್ನು ನಿಷೇಧಿಸಲಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ೨೦೨೫ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. ನಮ್ಮ ಕೂಟಗಳಲ್ಲಿ ಚೀಟಿ ಉಚಿತವಾಗಿರಲಿ. ಬಹುಮಾನ ಪುಸ್ತಕವೋ ಪೆನ್ನೋ ಸಣ್ಣ ಪಾತ್ರೆಯೋ ಆಗಿರಲಿ. ಸೋತವರು ಏನನ್ನೂ ಕಳೆದುಕೊಳ್ಳದೆ, ತೊಂಬತ್ತರವರೆಗೆ ಕನ್ನಡದ ಎಣಿಕೆಯನ್ನು ಕಲಿತು ಹೋಗಲಿ.

ಅಭ್ಯಾಸ

೧. ಚೀಲದಿಂದ ಕಟ್ಟಕಡೆಗೆ ಬರುವ ಬಿಲ್ಲೆಯ ಅಂಕಿ ನಿಮ್ಮ ಚೀಟಿಯಲ್ಲಿರುವ ಸಂಭವವೆಷ್ಟು? (ಉತ್ತರ: ೯೦ರಲ್ಲಿ ೧೫, ಅಂದರೆ ೬ರಲ್ಲಿ ೧.)

೨. ಅಮೆರಿಕದ ಚೀಟಿಯಲ್ಲಿ ೩೮ ಎಷ್ಟನೆಯ ಉದ್ದಸಾಲಿನಲ್ಲಿ ಬರುತ್ತದೆ? ನಮ್ಮ ಚೀಟಿಯಲ್ಲಿ? (ಉತ್ತರ: ಅಲ್ಲಿ ಮೂರನೆಯದು, ಇಲ್ಲಿ ನಾಲ್ಕನೆಯದು.)

೩. ೮, ೧೨, ೧೪, ೩೦ ಈ ಅಂಕಿಗಳಿಗೆ ಒಪ್ಪುವ ಅಡ್ಡಹೆಸರುಗಳನ್ನು ಮನೆಯ ಹಿರಿಯರನ್ನು ಕೇಳಿ ಬರೆಯಿರಿ.