ಪಿಕಪ್ ಟೈರ್: ಅಗಲಕ್ಕಿಂತ ಮೊದಲು ಭಾರ

ಪಿಕಪ್ ಗಾಡಿಯ ಟೈರ್ ಸವೆದಾಗ ಹೊಸದು ಎಷ್ಟು ಅಗಲ ಇರಬೇಕು ಎಂದು ಕೇಳುವವರೇ ಹೆಚ್ಚು, ಎಷ್ಟು ಭಾರ ತಡೆಯಬೇಕು ಎಂದು ಕೇಳುವವರು ಕಡಿಮೆ. ಮೇಡ್ಲೇರಿ ಸುತ್ತಿನ ಹೊಲಗಳಿಂದ ಗೋವಿನಜೋಳ, ಹತ್ತಿ ತುಂಬಿಕೊಂಡು ರಾಣೆಬೆನ್ನೂರಿಗೆ, ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಎಪಿಎಂಸಿಗೆ ಓಡಾಡುವ ಗಾಡಿಗೆ ಎರಡನೆಯ ಪ್ರಶ್ನೆಯೇ ಮೊದಲು ಬರಬೇಕು. ಈ ದಾರಿಯಲ್ಲಿ ಗಾಡಿ ನಡೆಸಿ ಕಲಿತ ಮೊದಲ ಪಾಠ ಅದು.

ಟೈರ್ ಪಕ್ಕದಲ್ಲಿ 215/75 ಆರ್ 15 ಎಂದು ಅಚ್ಚಾಗಿದ್ದರೆ 215 ಅದರ ಅಗಲ, ಮಿಲಿಮೀಟರ್‌ನಲ್ಲಿ. 75 ಎಂದರೆ ಪಕ್ಕದ ಎತ್ತರ ಆ ಅಗಲದ ಶೇಕಡ 75. ಆರ್ ಅಂದರೆ ರೇಡಿಯಲ್, 15 ಡಿಸ್ಕಿನ ಅಡ್ಡಳತೆ, ಇಂಚಿನಲ್ಲಿ. ಎಲ್‌ಟಿ ಎಂಬ ಅಕ್ಷರಗಳಿದ್ದರೆ ಅದು ಲಘು ಟ್ರಕ್ಕಿನ ಟೈರ್. ಟಾಟಾ ಏಸ್‌ನಂಥ ಸಣ್ಣ ಗಾಡಿಯ 145 ಆರ್ 12 ಎಲ್‌ಟಿ ಟೈರಿನಲ್ಲಿ ಎರಡನೆಯ ಅಂಕಿಯೇ ಇರುವುದಿಲ್ಲ. ಒಂದೇ ಕಂಪನಿಯ ಪಿಕಪ್‌ಗಳಲ್ಲೂ ಮಾಡೆಲ್ ಬದಲಾದರೆ ಅಳತೆ ಬದಲಾಗುವುದರಿಂದ ಪಕ್ಕದ ಮನೆಯ ಗಾಡಿ ನೋಡಿ ಟೈರ್ ತರುವುದು ಸಲ್ಲದು. ಗಾಡಿಯ ಕೈಪಿಡಿ ನೋಡಬೇಕು.

ಇಷ್ಟು ಓದಿದ ಮೇಲೆ ಕಣ್ಣು ಹಾಯಬೇಕಾದ್ದು ಅದರ ಮುಂದಿರುವ ಭಾರದ ಅಂಕಿಯ ಮೇಲೆ. ಲೋಡ್ ಇಂಡೆಕ್ಸ್ 100 ಇದ್ದರೆ ಒಂದು ಟೈರ್ 800 ಕಿಲೋ ತಡೆಯುತ್ತದೆ. 105ಕ್ಕೆ 925, 108ಕ್ಕೆ 1000, 112ಕ್ಕೆ 1120 ಕಿಲೋ. ಗೋವಿನಜೋಳ ತುಂಬಿದಾಗ ಹಿಂದಿನ ಆಕ್ಸಲ್ ಮೇಲೆ 2000 ಕಿಲೋ ಬೀಳುತ್ತದೆ ಎಂದುಕೊಳ್ಳೋಣ. ಒಂದೊಂದು ಗಾಲಿಗೆ 1000 ಕಿಲೋ. ಅಂಗಡಿಯಲ್ಲಿ ದಪ್ಪಗೆ, ಗತ್ತಾಗಿ ಕಾಣುವ 235 ಅಗಲದ ಜೀಪಿನ ಟೈರಿನ ಇಂಡೆಕ್ಸ್ 105 ಇದ್ದರೆ ಎರಡೂ ಸೇರಿ 1850 ಕಿಲೋಗೇ ಮುಗಿಯಿತು. ಅದರ ಪಕ್ಕದಲ್ಲೇ ಸಪೂರವಾಗಿ ನಿಂತ ಎಲ್‌ಟಿ ಟೈರ್ 108 ಅಥವಾ 112 ಇದ್ದರೆ ಆ ಭಾರ ಹೊರುತ್ತದೆ. ಅಗಲ ಇದ್ದದ್ದೆಲ್ಲ ಗಟ್ಟಿ ಅಲ್ಲ. ಇದೂ ಹವಾ ಸರಿಯಿದ್ದಾಗಿನ ಮಾತು. ಹವಾ ಕಡಿಮೆಯಾದರೆ ಅಂಕಿ ಎಷ್ಟೇ ಇದ್ದರೂ ಪಕ್ಕ ಮಡಚಿ, ಕಾದು, ಒಡೆಯುತ್ತದೆ. ಮೆಣಸಿನಕಾಯಿಯ ಲೋಡ್ ಬೇರೆ ತರಹದ್ದು. ತೂಕಕ್ಕಿಂತ ಗಾತ್ರ ಹೆಚ್ಚು, ಚೀಲ ಮೇಲೆ ಮೇಲೆ ಏರುತ್ತದೆ, ತಿರುವಿನಲ್ಲಿ ಗಾಡಿ ವಾಲುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಗಟ್ಟಿ ಪಕ್ಕದ ಟೈರ್.

ಎತ್ತರದ ಲೆಕ್ಕವನ್ನು ಕಾಗದದ ಮೇಲೆ ಮಾಡಿಬಿಡಬಹುದು. 215ರ ಶೇಕಡ 75 ಅಂದರೆ 161.25 ಮಿಲಿಮೀಟರ್, ಮೇಲೂ ಕೆಳಗೂ ಸೇರಿ 322.5, ಅದಕ್ಕೆ 15 ಇಂಚಿನ 381 ಕೂಡಿದರೆ ಗಾಲಿಯ ಒಟ್ಟು ಎತ್ತರ 703.5. ಇದೇ ರೀತಿ 235/75 ಆರ್ 15ಕ್ಕೆ 733.5 ಬರುತ್ತದೆ. ವ್ಯತ್ಯಾಸ ಶೇಕಡ 4ಕ್ಕೂ ಹೆಚ್ಚು. ಅಂದರೆ ಮೀಟರಿನಲ್ಲಿ 60 ಕಂಡಾಗ ಗಾಡಿ 62ರ ಮೇಲೆ ಓಡುತ್ತಿರುತ್ತದೆ, ಕಿಲೋಮೀಟರ್ ಲೆಕ್ಕವೂ ತಪ್ಪುತ್ತದೆ. ಅದಕ್ಕಿಂತ ಕೆಟ್ಟದ್ದು ಎಳೆತ ಕುಗ್ಗುವುದು. ತುಂಬಿದ ಗಾಡಿಯನ್ನು ಹೊಲದ ಬದು ಹತ್ತಿಸುವಾಗ ಕ್ಲಚ್ ಸುಡುತ್ತದೆ. ಎತ್ತರ ಹೆಚ್ಚೋ ಕಡಿಮೆಯೋ ಆಗಲೇಬೇಕೆಂದಿದ್ದರೆ ಶೇಕಡ 3ರ ಒಳಗಿರಲಿ. ಡಿಸ್ಕಿನ ಅಗಲವೂ ಹೊಂದಬೇಕು, 5.5 ಇಂಚಿನ ಡಿಸ್ಕಿಗೆ 235ರ ಟೈರ್ ಏರಿಸುವುದು ಸರಿಯಲ್ಲ.

ಇಲ್ಲಿಯ ನೆಲಕ್ಕೆ ತನ್ನದೇ ಬೇಡಿಕೆ ಇದೆ. ಮಳೆಗಾಲದಲ್ಲಿ ಎರೆಮಣ್ಣು ಟೈರಿನ ಗೆರೆಗಳನ್ನು ತುಂಬಿ ನುಣ್ಣಗೆ ಮಾಡುತ್ತದೆ, ಆಮೇಲೆ ಗಾಲಿ ಮತ್ತು ಮಡ್‌ಗಾರ್ಡ್ ನಡುವೆ ಮೆತ್ತಿ ಗಟ್ಟಿಯಾಗುತ್ತದೆ. ಅಗಲದ ಟೈರ್ ಹಾಕಿ ಆ ಸಂದು ಕಿರಿದು ಮಾಡಿದರೆ ಮಣ್ಣೇ ಬ್ರೇಕ್ ಹಿಡಿದಂತೆ ಆಗುತ್ತದೆ. ಒಳಬದಿ ಪಾಟಾಗೆ ಉಜ್ಜುವುದೂ ಉಂಟು. ಸುಗ್ಗಿ ಮುಗಿದ ಹೊಲದಲ್ಲಿ ಗೋವಿನಜೋಳದ ಕೂಳೆ, ಕಡಿದ ಹತ್ತಿ ಕಟ್ಟಿಗೆಯ ಚೂಪು ಮೋಟು ಟೈರಿನ ಪಕ್ಕಕ್ಕೇ ಚುಚ್ಚುತ್ತವೆ. ಪಕ್ಕದಲ್ಲಿ ಬಿದ್ದ ತೂತಿಗೆ ಭರವಸೆಯ ಪಂಕ್ಚರ್ ಇಲ್ಲ, ಟೈರನ್ನೇ ತೆಗೆಯಬೇಕು. ಹಾಗಾಗಿ ಹೊಲಕ್ಕಿಳಿಯುವ ಗಾಡಿಗೆ ಹಿಂದೆ ಆಳವಾದ ದಪ್ಪ ಗೆರೆಯ ಟೈರ್ ಒಳ್ಳೆಯದು. ರಾಷ್ಟ್ರೀಯ ಹೆದ್ದಾರಿ 48ರ ಮೇಲೆಯೇ ಹೆಚ್ಚು ಓಡುವ ಗಾಡಿಗೆ ನೇರ ಗೆರೆಯದು ಸಾಕು, ಕಾಯುವುದೂ ಕಡಿಮೆ.

ಕೊಳ್ಳುವಾಗ ಪಕ್ಕದ ನಾಲ್ಕು ಅಂಕಿಯ ತಾರೀಖು ನೋಡಬೇಕು: 2324 ಎಂದಿದ್ದರೆ 2024ರ 23ನೇ ವಾರದ ಮಾಲು. ಹಿಂದಿನ ಎರಡು ಗಾಲಿಗಳ ಎತ್ತರ ಬೇರೆ ಬೇರೆಯಾದರೆ ನೇರ ದಾರಿಯಲ್ಲೂ ಡಿಫರೆನ್ಷಿಯಲ್ ಬಿಡುವಿಲ್ಲದೆ ತಿರುಗಿ ಸವೆಯುತ್ತದೆ. ಆದ್ದರಿಂದ ಜೋಡಿಯಾಗಿಯೇ ಬದಲಿಸಬೇಕು, ಸ್ಟೆಪ್ನಿಯೂ ಅದೇ ಅಳತೆಯದಿರಬೇಕು. ಬಾಡಿಗೆ ಗಾಡಿಯ ನೋಂದಣಿ ಅರ್ಜಿಯಲ್ಲಿ ಕಂಪನಿ ಹೇಳಿದ ಟೈರ್ ಅಳತೆ, ಪ್ಲೈ ರೇಟಿಂಗ್ ದಾಖಲಾಗಿರುತ್ತದೆ ಎಂಬುದೂ ನೆನಪಿರಲಿ. ಗೆರೆಯ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆಯಾದ ಟೈರಿನಲ್ಲಿ ಗಾಡಿ ಓಡಿಸಲು ಕಾಯ್ದೆಯೂ ಒಪ್ಪುವುದಿಲ್ಲ.