ಗೌರಮ್ಮನ ಎದೆನೋವು

ಗೌರಮ್ಮ ಕೂಲಿ ಮಾಡುವ ಹೆಂಗಸು. ಅದು ರಾಗಿ ಒಕ್ಕಣೆಯ ಕಾಲ. ಎರಡು ದಿನ ಬಿಡದೆ ಮೂಟೆ ಹೊತ್ತಳು. ಮೂರನೆಯ ದಿನ ಬೆಳಗ್ಗೆ ಏಳುವಾಗ ಎದೆಯಲ್ಲಿ ಚಳುಕು ಬಂತು. ಮುಟ್ಟಿದರೆ ನೋವು. ಪೂರ್ತಿ ಉಸಿರು ಎಳೆಯೋಕೂ ಆಗಲಿಲ್ಲ.

"ವಾಯು ಕಣೇ. ಪಂಚೆ ತಗೊಂಡು ಬಿಗಿಯಾಗಿ ಕಟ್ಟು" ಅಂದರು ಅತ್ತೆ.

"ಬರೆ ಹಾಕಿಸಿ" ಅಂದ ಪಕ್ಕದ ಮನೆಯ ಮುದುಕ.

ಗಂಡ ಹೆದರಿ ಆಶಾ ಅಕ್ಕನನ್ನು ಕರೆತಂದ. "ಬರೆಗಿರೆ ಬೇಡ. ಎದೆನೋವು ಅಂದ್ರೆ ಮನೇಲಿ ಕೂರಬಾರದು. ನಡೀರಿ ಆಸ್ಪತ್ರೆಗೆ" ಅಂದಳು ಆಕೆ.

ಡಾಕ್ಟರು ಎದೆಯನ್ನು ಒತ್ತಿ ನೋಡಿದರು. ಉಸಿರಿನ ಸದ್ದು ಕೇಳಿದರು. ಇಸಿಜಿ ತೆಗೆಸಿದರು. ಆಮೇಲೆ ಹೀಗೆ ತಿಳಿಸಿದರು:

"ನಮ್ಮ ಎದೆ ಒಂದು ಗೂಡು. ಅದಕ್ಕೆ 12 ಜೊತೆ ಪಕ್ಕೆಲುಬು ಇವೆ. ನಡುವೆ ಮಾಂಸಖಂಡಗಳಿವೆ. ಉಸಿರು ಎಳೆದಾಗ ಗೂಡು ಅಗಲವಾಗುತ್ತೆ. ಪೆಟ್ಟಾದ ಜಾಗ ಆಗ ಎಳೆಯುತ್ತೆ. ನಿಮಗೆ ಭಾರ ಹೊತ್ತು ಮಾಂಸಖಂಡ ಉಳುಕಿದೆ."

ಇಂಥ ನೋವಿಗೆ ಬೇರೆ ಕಾರಣಗಳೂ ಉಂಟು.

ಬಿದ್ದು ಪಕ್ಕೆಲುಬು ಬಿರುಕು ಬಿಟ್ಟಿರಬಹುದು. ಬಹಳ ದಿನ ಕೆಮ್ಮಿದರೂ ಪಕ್ಕೆ ನೋಯುತ್ತೆ. ಪಕ್ಕೆಲುಬು ಎದೆಮೂಳೆಗೆ ಸೇರುವ ಕಡೆ ಮೆದುಮೂಳೆ ಇದೆ. ಅದು ಉರಿಯೂತದಿಂದ ನೋಯಬಹುದು. ಸರ್ಪಸುತ್ತು ಏಳುವ ಮುಂಚೆಯೂ ಒಂದೇ ಪಕ್ಕದಲ್ಲಿ ಉರಿ, ನೋವು ಬರಬಹುದು.

ಶ್ವಾಸಕೋಶದ ಕಾಯಿಲೆಯೂ ಇರಬಹುದು. ಜ್ವರ, ಕೆಮ್ಮು, ಏದುಸಿರು ಇದ್ದರೆ ನ್ಯುಮೋನಿಯಾ ಇದ್ದೀತು. ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಅದು ಕ್ಷಯ ಇರಬಹುದು. ಸರಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಯೂ ಔಷಧಿಯೂ ಉಚಿತ.

ಈ ಲಕ್ಷಣ ಕಂಡರೆ ತಡಮಾಡಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ:

● ಎದೆಯ ಮೇಲೆ ಕಲ್ಲು ಇಟ್ಟಂಥ ಭಾರ
● ನೋವು ತೋಳು, ದವಡೆ, ಬೆನ್ನಿಗೆ ಹರಡುವುದು
● ತಣ್ಣನೆ ಬೆವರು, ತಲೆಸುತ್ತು
● ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು
● ಕೆಮ್ಮಿದರೆ ರಕ್ತ

ಒತ್ತಿದರೆ ನೋಯುತ್ತೆ, ಹಾಗಾದರೆ ಗುಂಡಿಗೆಯದಲ್ಲ ಅಂತ ನಾವೇ ತೀರ್ಮಾನ ಮಾಡಬಾರದು. ಡಾಕ್ಟರೇ ನೋಡಿ ಹೇಳಬೇಕು.

"ಪಂಚೆ ಕಟ್ಟಬಹುದಾ ಸಾರ್?" ಗೌರಮ್ಮ ಕೇಳಿದಳು.

"ಬೇಡಮ್ಮ. ಬಿಗಿದು ಕಟ್ಟಿದರೆ ಶ್ವಾಸಕೋಶ ಪೂರ್ತಿ ಅರಳಲ್ಲ. ಕಫ ಒಳಗೇ ನಿಲ್ಲುತ್ತೆ. ಅದರಿಂದ ನ್ಯುಮೋನಿಯಾ ಆಗಬಹುದು. ನೋವಿಗೆ ಮಾತ್ರೆ ಕೊಡ್ತೀನಿ. ಗಂಟೆಗೊಮ್ಮೆ ನಿಧಾನವಾಗಿ ದೊಡ್ಡ ಉಸಿರು ಎಳೀರಿ. ಕೆಮ್ಮುವಾಗ ದಿಂಬನ್ನು ಎದೆಗೆ ಒತ್ತಿ ಹಿಡೀರಿ. ನೋವು ಹೋಗೋವರೆಗೂ ಮೂಟೆ ಹೊರಬೇಡಿ."

"ಕೂಲಿ ಹೋಗುತ್ತಲ್ಲಾ ಸಾರ್!"

"ಈಗ ಹೊತ್ತರೆ ಇನ್ನೂ ಹೆಚ್ಚು ದಿನದ ಕೂಲಿ ಹೋಗುತ್ತೆ."

ಗೌರಮ್ಮ ಮಾತು ಕೇಳಿದಳು. ಮೂಟೆ ಬಿಟ್ಟು ಕಾಳು ಹಸನು ಮಾಡುವ ಕೆಲಸಕ್ಕೆ ಹೋದಳು. ಕೆಲವು ವಾರದಲ್ಲಿ ನೋವು ಹೋಯಿತು.

ಈಗ ಅವಳ ಮನೆಯ ಗೋಡೆ ಮೇಲೆ ಇದ್ದಿಲಿನಲ್ಲಿ ದೊಡ್ಡದಾಗಿ 108 ಅಂತ ಬರೆದಿದೆ. ಬರೆದವಳು ಗೌರಮ್ಮನೇ.

ಯೋಚಿಸಿ, ಮಾತಾಡಿ:

1. ಎದೆಗೆ ಬಟ್ಟೆ ಬಿಗಿದು ಕಟ್ಟಬಾರದು. ಯಾಕೆ?
2. ಯಾವ ಲಕ್ಷಣ ಕಂಡರೆ 108 ಕರೆಯಬೇಕು?
3. ನಿಮ್ಮೂರಿನಲ್ಲಿ ಎದೆನೋವು ಬಂದರೆ ಮೊದಲು ಏನು ಮಾಡುತ್ತಾರೆ? ಅದು ಸರಿಯೇ?