ಪ್ರವೇಶ ಸಿಕ್ಕಿದ ಮೇಲೆ: ಒಂದು ಆಕರಾಧಾರಿತ ಪಾಠ

ಬೈಲಕುಪ್ಪೆಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೆಯ ತರಗತಿಗೆ ಈ ಪಾಠ ಮಾಡಿದೆ. ಉದ್ದೇಶ: ಶಾಲಾ ಪ್ರವೇಶಕ್ಕೂ ನಿಜವಾದ ಸೇರ್ಪಡೆಗೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಆಧಾರಸಹಿತ ವಿವರಿಸುವುದು.

ಆಕರ 1: ಧಾರವಾಡ, 1856. ಸರ್ಕಾರಿ ಶಾಲೆಯಲ್ಲಿ ಪ್ರವೇಶ ಸಿಗದ ಮಹಾರ್ ಹುಡುಗನೊಬ್ಬ ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ನ್ಯಾಯ ಅವನ ಕಡೆಗಿದೆಯೆಂದು ಒಪ್ಪಿಯೂ, ಒಬ್ಬನಿಗಾಗಿ ಶಾಲೆ ಉಳಿದವರಿಗೆ ಇಲ್ಲವಾದೀತೆಂದು ಸರ್ಕಾರ ಅರ್ಜಿಯನ್ನು ತಳ್ಳಿಹಾಕಿತು.

ಆಕರ 2: ಅಮೆರಿಕದ ನ್ಯೂ ಆರ್ಲಿಯನ್ಸ್, 1960. ಆರು ವರ್ಷದ ಕಪ್ಪು ಬಾಲಕಿ ರೂಬಿ ಬ್ರಿಜಸ್ ಮಾರ್ಷಲ್‌ಗಳ ಕಾವಲಿನಲ್ಲಿ ಬಿಳಿಯರ ಶಾಲೆಗೆ ಸೇರಿದಳು. ಬಿಳಿಯ ಪೋಷಕರು ಮಕ್ಕಳನ್ನು ಬಿಡಿಸಿಕೊಂಡರು. ಆ ವರ್ಷ ಅವಳು ತರಗತಿಯಲ್ಲಿ ಒಬ್ಬಳೇ ಕಲಿತಳು.

"ಹಾಗಾದರೆ ಧಾರವಾಡದ ವಿಷಯದಲ್ಲಿ ಸರ್ಕಾರ ಹೆದರಿದ್ದು ಸರಿಯಲ್ಲವೇ?" ಎಂದು ಒಬ್ಬ ಕೇಳಿದ. ಉತ್ತರವನ್ನು ತರಗತಿಗೇ ಬಿಟ್ಟೆ. "ಅವರು ತಾವಾಗಿ ಹೋದರು, ಇವನನ್ನು ಸರ್ಕಾರವೇ ಹೊರಗಿಟ್ಟಿತು" ಎಂದಳು ಇನ್ನೊಬ್ಬಳು. ಆಗ ಸಂವಿಧಾನದ 29(2)ನೇ ವಿಧಿಯನ್ನು ಓದಿಸಿದೆ: ಜಾತಿ, ಧರ್ಮ, ಜನಾಂಗ, ಭಾಷೆಯ ಕಾರಣಕ್ಕೆ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ.

ತರಗತಿಯಲ್ಲಿ ಹಾಡಿಗಳಿಂದ ಬರುವ ಜೇನುಕುರುಬ ಮಕ್ಕಳಿದ್ದರು. "ನಿಮ್ಮ ಅನುಭವ ಹೇಳಿ" ಎಂದು ಯಾರನ್ನೂ ಎಬ್ಬಿಸಲಿಲ್ಲ. ಮಗುವನ್ನು ಉದಾಹರಣೆಯಾಗಿ ನಿಲ್ಲಿಸುವುದೂ ಬೇರ್ಪಡಿಸುವುದೇ. ಬದಲಿಗೆ "ಶಾಲೆಯಲ್ಲಿ ಯಾವಾಗ ಒಂಟಿ ಅನ್ನಿಸುತ್ತದೆ?" ಎಂಬುದಕ್ಕೆ ಎಲ್ಲರೂ ಹೆಸರಿಲ್ಲದ ಚೀಟಿಯಲ್ಲಿ ಉತ್ತರ ಬರೆದರು. ಊಟದ ಸಾಲು, ಆಟಕ್ಕೆ ಗುಂಪು ಆರಿಸುವ ಹೊತ್ತು ಎಂಬವು ಮತ್ತೆ ಮತ್ತೆ ಬಂದವು.

ಮರುದಿನದಿಂದ ಗುಂಪುಗಳನ್ನು ಚೀಟಿ ಎತ್ತಿ ಮಾಡಿದೆ. ಪ್ರವೇಶ ಕಾನೂನಿನ ಕೆಲಸ. ಪಕ್ಕದಲ್ಲಿ ಯಾರು ಕೂರುತ್ತಾರೆಂಬುದು ಶಿಕ್ಷಕರ ಕೆಲಸ.